ಐರ್ಲೆಂಡಿಗೆ ಹೊಸದಾಗಿ ಬಂದ ಮಂಡ್ಯದ ತಂಗಿಗೆ

ತಂಗಿ, ಮಂಡ್ಯದಲ್ಲಿ ಚರ್ಚಿನ ಭಾನುವಾರದ ಪೂಜೆ ಮುಗಿಸಿ, ಬಡವರಿಗೆ ನೆರವಾಗುವ ಕ್ಯಾಥೊಲಿಕ್ ಸಂಘವಾದ ವಿನ್ಸೆಂಟ್ ಡಿ ಪಾಲ್ ಸಭೆಯವರ ಜೊತೆ ಅಕ್ಕಿ-ಬೇಳೆ ಹೊತ್ತು ಬಡವರ ಮನೆಗೆ ಹೋಗುತ್ತಿದ್ದೆ, ಡಬ್ಲಿನ್ನಿನಲ್ಲಿ ಬಡವರೇ ಕಾಣುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀಯ.

ಇದ್ದಾರೆ ಕಣಮ್ಮ. ಇಲ್ಲಿನ ಬಡತನ ಮುಚ್ಚಿದ ಬಾಗಿಲ ಹಿಂದಿರುತ್ತದೆ. ಮೊದಲೇ ದುಡ್ಡು ತುಂಬಿಸಬೇಕಾದ ಕರೆಂಟ್ ಮೀಟರ್ ಬರಿದಾಗಿ ಚಳಿಯಲ್ಲಿ ಕೂತ ಅಜ್ಜಿ, ಆಗಸ್ಟಿನಲ್ಲಿ ಮಕ್ಕಳ ಯೂನಿಫಾರ್ಮಿಗೆ ಸಾಲ ಮಾಡುವ ತಾಯಿ, ಬಾಡಿಗೆ ಕಟ್ಟಿ ಊಟಕ್ಕೆ ಉಳಿಯದವರು.

ನಿನ್ನ ಸಭೆಯೇ ಇಲ್ಲೂ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ 20 ವರ್ಷದ ಫ್ರೆಡೆರಿಕ್ ಓಝನಾಂ ಗೆಳೆಯರೊಂದಿಗೆ ಕಟ್ಟಿದ್ದು, 1844ರಲ್ಲಿ ಡಬ್ಲಿನ್ನಿಗೆ ಬಂತು. ಮರುವರ್ಷವೇ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಶುರುವಾಯಿತು. ಬಡವರ ಮನೆಗೆ ಹೋಗಿ ಕೂರುವುದನ್ನು ಆ ಹುಡುಗರಿಗೆ ಕಲಿಸಿದವರು ಸಿಸ್ಟರ್ ರೋಸಲಿ ರಂದು ಎಂಬ ಸನ್ಯಾಸಿನಿ. ಇಂದಿಗೂ ಸಭೆಯ ಜೀವ ಅದೇ.

ಪೂಜೆ ಮುಗಿದ ಮೇಲೆ ಫಾದರ್ ಅವರನ್ನೋ ಚರ್ಚಿನ ಆಫೀಸನ್ನೋ ಕೇಳು, ಕಾನ್ಫರೆನ್ಸ್, ಅಂದರೆ ಸಭೆಯ ಸ್ಥಳೀಯ ಘಟಕ, ಯಾವ ಸಂಜೆ ಸೇರುತ್ತದೆ ಅಂತ. ನಿನ್ನದು ನರ್ಸ್ ಕೆಲಸ, 12 ಗಂಟೆಯ ಡ್ಯೂಟಿ. ತಿಂಗಳಿಗೆ ಎಷ್ಟು ಸಂಜೆ ಬರಬಲ್ಲೆ ಅನ್ನುವುದನ್ನು ಮೊದಲೇ ಹೇಳಿಬಿಡು. ಒಪ್ಪಿಕೊಂಡು ತಪ್ಪಿಸಿದರೆ ಕಾಯುವುದು ಹಸಿದ ಮನೆ.

ಆಮೇಲೆ ಗಾರ್ಡಾ ವೆಟ್ಟಿಂಗ್, ಅಂದರೆ ಪೊಲೀಸ್ ಪರಿಶೀಲನೆ. ನಮ್ಮವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹುಟ್ಟಿದಾಗಿನಿಂದ ಇವತ್ತಿನವರೆಗೆ ಇದ್ದ ಎಲ್ಲ ವಿಳಾಸಗಳನ್ನೂ ವರ್ಷ ಬಿಡದೆ ಬರೆಯಬೇಕು. ಮೈಸೂರಿನ ಹಾಸ್ಟೆಲ್, ಬೆಂಗಳೂರಿನ ಪಿಜಿ ಮರೆತು ನಡುವೆ ಖಾಲಿ ಬಿದ್ದರೆ ಅರ್ಜಿ ವಾಪಸ್ ಬರುತ್ತದೆ. ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರಿ. ಊರಲ್ಲಿ ಹಾಕುತ್ತಿದ್ದ ಇನಿಷಿಯಲ್ ಬೇಡ.

ಮನೆಗೆ ಹೋಗುವಾಗ ಯಾವಾಗಲೂ ಇಬ್ಬರು, ಒಬ್ಬಳೇ ಹೋಗಕೂಡದು. ಹೆಚ್ಚಾಗಿ ಕೊಡುವುದು ಅಂಗಡಿಯ ವೋಚರ್, ಮೀಟರಿಗೆ ಟಾಪ್-ಅಪ್. ಕನಿಕರಕ್ಕೆ ನಿನ್ನ ಪರ್ಸಿನಿಂದ 50 ಯೂರೊ ಕೊಡಬೇಡ: ಮುಂದಿನ ಸಲ ಹೋಗುವವರಿಂದಲೂ ಅದನ್ನೇ ಎದುರು ನೋಡುತ್ತಾರೆ, ಲೆಕ್ಕಕ್ಕೂ ಸಿಗುವುದಿಲ್ಲ. ನಿನ್ನ ಕಾಣಿಕೆಯನ್ನು ಸಭೆಯಲ್ಲಿ ಸುತ್ತಿ ಬರುವ ಚೀಲಕ್ಕೆ ಹಾಕು. ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣದು. ಆ ಮನೆಯವರ ಧರ್ಮ, ದೇಶ ಕೇಳಬೇಡ, ಉಪದೇಶವೂ ಬೇಡ. ಟೀ ಕೊಟ್ಟರೆ ಕುಡಿ. ತಾವೂ ಏನಾದರೂ ಕೊಟ್ಟೆವೆಂಬ ಗೌರವ ಅವರಿಗೂ ಬೇಕು. ನಮ್ಮಲ್ಲಿ ಅಕ್ಕಿ ಚೀಲ ಕೊಡುವಾಗ ಫೋಟೊ ತೆಗೆದು ಗ್ರೂಪಿಗೆ ಹಾಕುವ ರೂಢಿಯನ್ನು ದಯವಿಟ್ಟು ಇಲ್ಲಿಗೆ ತರಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದವರು ಯೇಸುಸ್ವಾಮಿ.

ದಾನವಾಗಿ ಬಂದ ಬಟ್ಟೆ-ಸಾಮಾನು ಮಾರುವ ಸಭೆಯ ಅಂಗಡಿಗೆ ಬಟ್ಟೆ ಕೊಡುವುದಾದರೆ ಒಗೆದದ್ದು, ನೀನೇ ಉಡಬಹುದಾದದ್ದು ಕೊಡು. ಅಂಗಡಿ ತೆರೆದಿರುವಾಗ ಕೊಡು. ಬಾಗಿಲಲ್ಲಿ ಇಟ್ಟರೆ ಮಳೆಗೆ ಹಾಳು.

ಊರಿಗೂ ಕಳಿಸಬೇಕು ಅಂದೆಯಲ್ಲ. ಭಾರತದ ಪಾಸ್‌ಪೋರ್ಟ್ ಇರುವವರೆಗೆ ನಿನ್ನ ಸಂಬಳದ ಉಳಿತಾಯವನ್ನು ಬ್ಯಾಂಕ್ ಮೂಲಕ ಮೈಸೂರು ಧರ್ಮಕ್ಷೇತ್ರದ ಸೇವಾ ಸಂಸ್ಥೆಗೋ ಮಂಡ್ಯದ ಚರ್ಚಿಗೋ ಕಳಿಸಬಹುದು. ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಐರಿಷ್ ಗೆಳತಿಯರಿಂದ ಕೂಡಿಸಿ ನಿನ್ನ ಖಾತೆಯಿಂದ ಕಳಿಸಿದರೆ ಮಾತ್ರ ತೊಂದರೆ, ಮತ್ತು ಅದು ಬರುವುದು ಪಡೆದವರಿಗೆ. ಅಂಥ ಹಣ ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಮುಂದೆ ಐರಿಷ್ ಪೌರತ್ವ ತೆಗೆದುಕೊಂಡರೆ ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದರೂ ನಿನ್ನ ಹಣಕ್ಕೂ ಇದೇ ನಿಯಮ. ಕಳಿಸುವ ಮೊದಲು ಅಲ್ಲಿನ ಫಾದರ್‌ಗೆ ಫೋನ್ ಮಾಡಿ ಯಾವ ಖಾತೆ ಅಂತ ಕೇಳಿಕೋ.