ಫ್ರಾನ್ಸ್‌ನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಕಾರ್ಖಾನೆ ಕೆಲಸಕ್ಕೆ ಯಾಕೆ ಸೇರಿದರು?

ಕಾರ್ಮಿಕರು ಚರ್ಚಿಗೆ ಬರುವುದು ನಿಂತುಹೋಗಿತ್ತು, ಅದಕ್ಕೆ. ಕರೆದರೂ ಬರುವವರಲ್ಲ, ಯಾಕಂದ್ರೆ ಅವರ ಕಣ್ಣಿಗೆ ಪಾದ್ರಿ ಅಂದರೆ ಮಾಲೀಕರ ಕಡೆಯವನು.

ಈ ದೂರ ಶುರುವಾಗುತ್ತಿದ್ದದ್ದು ಸೆಮಿನರಿಯಲ್ಲೇ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಲ್ಲಿ. ಕೂಲಿಯವನ ಮಗನೇ ಸೇರಿದರೂ ವರ್ಷಗಟ್ಟಲೆ ಲ್ಯಾಟಿನ್ ಓದಿ, ಕಪ್ಪು ನಿಲುವಂಗಿ ತೊಟ್ಟು ಹೊರಬರುವಷ್ಟರಲ್ಲಿ ತನ್ನ ಕೇರಿಗೇ ಹೊರಗಿನವನಾಗಿರುತ್ತಿದ್ದ. ಮಾತಾಡುವ ರೀತಿಯೂ ಬೇರೆ.

ಹಾಗಾಗಿ ಕೆಲವರು ಉಲ್ಟಾ ದಾರಿ ಹಿಡಿದರು. ಝಾಕ್ ಲೋವ್ ಎಂಬ ಪಾದ್ರಿ 1941ರಲ್ಲಿ ಮಾರ್ಸೇ ಬಂದರಿನಲ್ಲಿ ಹಡಗಿನ ಸರಕು ಹೊರುವ ಕೆಲಸಕ್ಕೆ ನಿಂತರು. 1942ರಲ್ಲಿ ಲಿಸ್ಯೂ ಊರಿನಲ್ಲಿ ಹೊಸ ಸೆಮಿನರಿ ತೆರೆಯಿತು. ಅಲ್ಲಿನ ವಿದ್ಯಾರ್ಥಿಗಳು ಕಾರ್ಖಾನೆಗೂ ಹೋಗಿ ದುಡಿದು ಬರುತ್ತಿದ್ದರು. ಓದಿನಷ್ಟೇ ಇದೂ ಪಾಠ. ಮುಂದೆ ಪಾದ್ರಿಗಳು ಬಾಡಿಗೆ ಕೋಣೆ ಹಿಡಿದು, ಪಾಳಿ ಕೆಲಸ ಮಾಡಿ, ಸಂಜೆ ಊಟದ ಮೇಜಿನ ಮೇಲೇ ಪೂಜೆ ನಡೆಸಿದರು.

ಆದರೆ ಜೊತೆಗೆ ದುಡಿದ ಮೇಲೆ ಮುಷ್ಕರದ ದಿನ ಸುಮ್ನೆ ಕೂರೋಕಾಗುತ್ತಾ? ಹಲವರು ಯೂನಿಯನ್ ಸೇರಿದರು, ಅದೂ ಕಮ್ಯುನಿಸ್ಟರ ಹಿಡಿತದಲ್ಲಿದ್ದ ಯೂನಿಯನ್ನು. ರೋಮ್‌ಗೆ, ಅಂದರೆ ಪೋಪ್ ಆಡಳಿತಕ್ಕೆ, ಇದನ್ನು ಸಹಿಸಲಾಗಲಿಲ್ಲ. 1953ರಲ್ಲಿ ವಿದ್ಯಾರ್ಥಿಗಳ ಕಾರ್ಖಾನೆ ತರಬೇತಿ ನಿಂತಿತು. 1954ರ ಮಾರ್ಚ್ ಒಳಗೆ ಪಾದ್ರಿಗಳೂ ಯೂನಿಯನ್ ಬಿಡಬೇಕು, ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ದುಡಿಯಬಾರದು ಎಂದು ಆಜ್ಞೆ ಬಂತು. ಮೂರು ಗಂಟೆಗೆ ಯಾವ ಕಾರ್ಖಾನೆ ಕೆಲಸ ಕೊಡುತ್ತೆ, ಹೇಳಿ! ಸುಮಾರು ನೂರು ಪಾದ್ರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ಕಾರ್ಖಾನೆಯಲ್ಲೇ ಉಳಿದರು. ಮತ್ತೆ ಒಪ್ಪಿಗೆ ಸಿಕ್ಕಿದ್ದು 1965ರಲ್ಲಿ.