ಕಡಿಮೆ ಕೆಲಸ ಇರೋ ಕಡೆ ಸೇರಿದ್ರೆ ಮನೆ ಕಡೆ ಗಮನ ಕೊಡಕ್ಕಾಗುತ್ತಾ?

ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಆರು ದಿನ ಕೆಲಸ, ಮನೆಯವ್ರು ಈಗ ಅಡ್ಜಸ್ಟ್ ಆಗಿದ್ದಾರೆ ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ, ಮನೆಗೆ ಬಂದ್ರೂ ತಲೇಲಿ ಕೆಲಸಾನೇ ಓಡುತ್ತೆ, ಕೆಲಸ ಬದಲಾಯಿಸ್ಲಾ ಅಂತ ಕೇಳಿದ್ದೀರಿ. ಆ 'ಅಡ್ಜಸ್ಟ್ ಆಗಿದ್ದಾರೆ' ಅನ್ನೋದು ಓದಿ ಎದೆ ಧಸಕ್ ಅಂತು ನಂಗೆ. ನಾನೂ ಇದೇ ಮಾತು ಹೇಳ್ಕೊಂಡು ಓಡಾಡ್ತಿದ್ದೆ. ಆಮೇಲೆ ಸಂಬಳ ಕಡಿಮೆಯಾದ್ರೂ ಪರವಾಗಿಲ್ಲ ಅಂತ ಸಂಜೆ ಆರಕ್ಕೆ ಎದ್ದು ಬರೋ ಆಫೀಸಿಗೆ ಸೇರ್ಕೊಂಡೆ. ಏನೂ ಬದಲಾಗ್ಲಿಲ್ಲ.

ಯಾಕಂದ್ರೆ ಸೇರಿದ ಮೊದಲನೇ ವಾರದಲ್ಲೇ ಒಂದು ತಪ್ಪು ಮಾಡಿದೆ. ರಾತ್ರಿ ಒಂಬತ್ತರ ಹತ್ತಿರ ಮ್ಯಾನೇಜರ್ ಮೆಸೇಜ್ ಹಾಕಿದ್ರು, ಶೀಟಲ್ಲಿ ಎರಡು ಲೆಕ್ಕ ತಾಳೆ ಆಗ್ತಿಲ್ಲ, ನೋಡಿ ಅಂತ. ಅರ್ಧ ಊಟ ಮಾಡಿದ ತಟ್ಟೆ ಪಕ್ಕಕ್ಕಿಟ್ಟು ಎಡಗೈಯಲ್ಲೇ ಲ್ಯಾಪ್‌ಟಾಪ್ ತೆಗೆದು ಹತ್ತು ನಿಮಿಷದಲ್ಲಿ ಸರಿ ಮಾಡಿ ಕಳಿಸಿದೆ. 'ಥ್ಯಾಂಕ್ಸ್, ತುಂಬಾ ಫಾಸ್ಟ್ ನೀವು' ಅಂದ್ರು, ಖುಷಿ ಆಯ್ತು. ಗಮನಿಸಿ, ಅವ್ರು 'ಈಗಲೇ' ಅಂದಿರ್ಲಿಲ್ಲ, 'ಇವತ್ತೇ' ಅಂತಾನೂ ಅಂದಿರ್ಲಿಲ್ಲ, ಬರೀ 'ನೋಡಿ' ಅಂದಿದ್ರು. ಇದು ಯಾವಾಗ ಬೇಕು ಅಂತ ಒಂದು ಮಾತು ಕೇಳಿದ್ರೆ ಮುಗೀತಿತ್ತು. ಕೇಳಿದ್ರೆ ಕೆಲಸಗಳ್ಳತನ ಅನ್ಕೋತಾರೇನೋ ಅಂತ ಕೇಳ್ಲಿಲ್ಲ. ಅವತ್ತು ಉತ್ತರ ಕೊಟ್ಟೆ, ಮಾರನೇ ದಿನವೂ ಕೊಟ್ಟೆ, ಒಂದು ತಿಂಗಳಾಗೋ ಹೊತ್ತಿಗೆ ಎಲ್ರಿಗೂ ಗೊತ್ತಾಯ್ತು ಈ ಮನುಷ್ಯ ರಾತ್ರಿನೂ ಸಿಗ್ತಾರೆ ಅಂತ, ಬೇರೆ ಟೀಮಿನವ್ರೂ ಶುರು ಮಾಡಿದ್ರು. ಆರು ಗಂಟೆಗೆ ಎದ್ದು ಮನೆಗೆ ಬರ್ತಿದ್ದೆ ನಿಜ, ಆದ್ರೆ ಫೋನ್ ಅಂಗೈಯಲ್ಲೇ, ಕಿವಿ ಅದರ ಸದ್ದಿನ ಮೇಲೇ.

ನಮ್ಮಪ್ಪ ದಿನಾ ರಾತ್ರಿ ಊಟ ಆದ್ಮೇಲೆ ಒಂಬತ್ತಕ್ಕೆ ಫೋನ್ ಮಾಡೋರು. ದೊಡ್ಡ ವಿಷಯ ಏನೂ ಇರ್ತಿರ್ಲಿಲ್ಲ, ಮೋಟಾರ್ ಕೆಟ್ಟಿದ್ದು, ಯಾರೋ ಸಿಕ್ಕಿ ನನ್ನ ಕೇಳಿದ್ದು, ಇಂಥವೇ. ನಾನು 'ಅಪ್ಪಾ ಐದು ನಿಮಿಷ, ಆಮೇಲೆ ಮಾಡ್ತೀನಿ' ಅಂತ ಇಡ್ತಿದ್ದೆ, ಆಮೇಲೆ ಹನ್ನೊಂದಾಗಿರೋದು, ಅವ್ರು ಮಲಗಿರೋರು. ದಿನಾ ಬರ್ತಿದ್ದ ಫೋನು ವಾರಕ್ಕೆರಡು ಆಯ್ತು, ಆಮೇಲೆ ಭಾನುವಾರ ಮಾತ್ರ. ಅಪ್ಪ ಅರ್ಥ ಮಾಡ್ಕೊಂಡಿದ್ದಾರೆ ಅನ್ಕೊಂಡೆ. ಒಂದ್ಸಲ ಅಕ್ಕ ಹೇಳಿದ್ಲು, ನಂಗೆ ಫೋನ್ ಮಾಡೋ ಮುಂಚೆ ಅಪ್ಪ ಅವಳಿಗೆ ಫೋನ್ ಮಾಡಿ 'ಈಗ ಮಾಡಿದ್ರೆ ತೊಂದ್ರೆ ಆಗುತ್ತಾ' ಅಂತ ಕೇಳ್ತಾರಂತೆ. ಅದು ಕೇಳಿನೂ ನಾನು ಎಚ್ಚೆತ್ಕೊಳ್ಳಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪಂಗೆ ಸ್ಟ್ರೋಕ್ ಆಯ್ತು, ಮಾತು ಹೋಯ್ತು. ನಾವು ಹೇಳೋದು ಅರ್ಥ ಆಗುತ್ತೆ, ಅವ್ರಿಗೆ ಹೇಳಕ್ಕೆ ಪದ ಬರಲ್ಲ. ಈಗ ಒಂಬತ್ತಕ್ಕೆ ನಾನೇ ಫೋನ್ ಮಾಡ್ತೀನಿ, ಅಕ್ಕ ಅವ್ರ ಕಿವಿ ಹತ್ರ ಹಿಡೀತಾಳೆ, ನಾನು ಮಾತಾಡ್ತೀನಿ, ಅವ್ರು 'ಹೂಂ' ಅಂತಾರೆ.

ಆಸ್ಪತ್ರೆಯಿಂದ ಕೆಲಸಕ್ಕೆ ವಾಪಸ್ ಬಂದ್ಮೇಲೆ ಮ್ಯಾನೇಜರನ್ನ ಕೇಳಿಯೇಬಿಟ್ಟೆ, ರಾತ್ರಿ ಬರೋ ಮೆಸೇಜಿಗೆ ರಾತ್ರಿನೇ ಉತ್ತರ ಬೇಕಾ ಅಂತ. ಅವ್ರು ಗಾಬರಿ ಆದ್ರು. 'ಇಲ್ಲಪ್ಪ, ಮರೆತೋಗುತ್ತೆ ಅಂತ ನೆನಪಾದಾಗ ಹಾಕ್ಬಿಡ್ತೀನಿ, ಬೆಳಗ್ಗೆ ನೋಡಿದ್ರೆ ಸಾಕಿತ್ತಲ್ಲ' ಅಂದ್ರು. ಅಷ್ಟೂ ರಾತ್ರಿಗಳನ್ನ ಯಾರೂ ನನ್ನ ಹತ್ರ ಕೇಳೇ ಇರ್ಲಿಲ್ಲ.

ಅದಕ್ಕೇ ಕೆಲಸ ಬದಲಾಯಿಸೋದು ಉತ್ತರ ಅಂತ ನಾನು ಒಪ್ಪಲ್ಲ, ಮೊದಲನೇ ಹೆಜ್ಜೆಯಾಗಿ ಅಂತೂ ಖಂಡಿತ ಅಲ್ಲ. ಹಾಗಂತ ನಿಮ್ಮ 60 ಗಂಟೆ ಸರಿ ಅಂತಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ ಸ್ಟ್ರೋಕ್ ಆಗೋ ಸಾಧ್ಯತೆ ಸುಮಾರು 35 ಪರ್ಸೆಂಟ್ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ, ಅಪ್ಪನ್ನ ನೋಡಿದ್ಮೇಲೆ ಆ ಅಂಕಿ ನಂಗೆ ಬರೀ ಅಂಕಿಯಾಗಿ ಕಾಣಲ್ಲ. ಗಂಟೆ ಇಳಿಸ್ಲೇಬೇಕು ನೀವು. ಆದ್ರೆ ಇಳಿಸಿದ ಗಂಟೆಗಳನ್ನ ಫೋನ್ ನುಂಗಿದ್ರೆ ಏನು ಬಂತು?

ಇನ್ನೊಂದು, ಮನೆಗೆ ಬಂದ್ರೂ ತಲೇಲಿ ಅದೇ ಓಡುತ್ತೆ ಅಂದ್ರಲ್ಲ, ಅದು ನಿಮ್ಮ ದೌರ್ಬಲ್ಯ ಅಲ್ಲ. ಅರ್ಧಕ್ಕೆ ಬಿಟ್ಟ ಕೆಲಸದ ಮೇಲೆ ಗಮನ ಅಂಟ್ಕೊಂಡಿರುತ್ತೆ, ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲಿ ಇದಕ್ಕೆ 'ಅಟೆನ್ಷನ್ ರೆಸಿಡ್ಯೂ' ಅಂತ ಹೆಸರಿಟ್ಟು ಬರೆದಿದ್ದಾರೆ. ನಾನು ಏಳೋ ಮುಂಚೆ ಎಲ್ಲಿಗೆ ನಿಲ್ಲಿಸಿದೆ, ನಾಳೆ ಮೊದಲು ಏನು ಮಾಡ್ಬೇಕು ಅಂತ ಚೀಟೀಲಿ ಎರಡು ಸಾಲು ಬರೆದು ಕೀಬೋರ್ಡ್ ಕೆಳಗೆ ಇಟ್ಟು ಬರ್ತೀನಿ. ನಂಗೆ ಇದರಿಂದ ತುಂಬಾ ಹಗುರಾಗಿದೆ.

ನಾಳೆ ಹೋಗಿ ಕೇಳಿ, ರಾತ್ರಿ ಮೆಸೇಜಿಗೆ ಯಾವಾಗ ಉತ್ತರ ಕೊಟ್ರೆ ಸಾಕು, ನಿಜವಾಗ್ಲೂ ಅರ್ಜೆಂಟ್ ಇದ್ರೆ ಫೋನ್ ಮಾಡ್ತೀರಾ ಅಂತ. 'ಇಲ್ಲ, ಇಲ್ಲಿ ರಾತ್ರಿನೂ ಸಿಗ್ಲೇಬೇಕು' ಅಂತ ಬಾಯಿಬಿಟ್ಟು ಹೇಳಿದ್ರೆ ಆಗ ಬೇರೆ ಕೆಲಸ ಹುಡುಕಿ, ಹೊಸ ಕಡೆ ಇಂಟರ್‌ವ್ಯೂನಲ್ಲೂ ಇದನ್ನೇ ಮೊದಲು ಕೇಳಿ. ಮತ್ತೆ ಇವತ್ತು ಮನೆಗೆ ಹೋದ್ಮೇಲೆ ಫೋನ್ ಬೇರೆ ರೂಮಲ್ಲಿಟ್ಟು ಕೂತ್ಕೊಂಡು, ಇತ್ತೀಚೆಗೆ ನಂಗೆ ಹೇಳದೇ ಬಿಟ್ಟಿದ್ದು ಏನಾದ್ರೂ ಇದೆಯಾ ಅಂತ ಮನೆಯವ್ರನ್ನ ಕೇಳಿ.