ಹಂಚಿದ ಫೋಟೊ ಮಂಕಾಗುವುದೇಕೆ?

ಪ್ರಶ್ನೆ: ಪ್ರವಾಸದಲ್ಲಿ, ಬೀದಿಯಲ್ಲಿ ತೆಗೆದ ಫೋಟೊಗಳನ್ನು ಫೋಟೊಗ್ರಫಿ ಗೆಳೆಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಬಣ್ಣ ಮಂಕಾಗಿ, ಅಂಚುಗಳು ಒಡೆದಂತೆ ಕಾಣುತ್ತವೆ. ಏನು ಮಾಡಲಿ?

ಉತ್ತರ: ಇವು ಎರಡು ಬೇರೆ ತೊಂದರೆಗಳು. ಚಿತ್ರ ಅಡೋಬಿ ಆರ್‌ಜಿಬಿ ಎಂಬ ವಿಶಾಲ ಬಣ್ಣವ್ಯಾಪ್ತಿಯಲ್ಲಿದ್ದರೆ, ಅದರ ಪ್ರೊಫೈಲ್ (ಬಣ್ಣಗಳನ್ನು ಹೇಗೆ ಓದಬೇಕೆಂಬ ಮಾಹಿತಿ) ಓದದ ಆ್ಯಪ್‌ಗಳು ಬಣ್ಣವನ್ನು ಪೇಲವವಾಗಿ ತೋರಿಸುತ್ತವೆ. ಎಕ್ಸ್‌ಪೋರ್ಟ್ ಮಾಡುವಾಗ (ಎಡಿಟಿಂಗ್ ಆ್ಯಪ್‌ನಿಂದ ಹಂಚುವ ಪ್ರತಿ ಉಳಿಸುವಾಗ) ಸಾಮಾನ್ಯ ಪರದೆಗಳ ಬಣ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿ ಆರಿಸಿ, ಪ್ರೊಫೈಲನ್ನು ಫೈಲಿನೊಳಗೇ ಸೇರಿಸಿ. ಉದ್ದನೆಯ ಬದಿ 2048 ಪಿಕ್ಸೆಲ್, ಜೆಪೆಗ್ ಗುಣಮಟ್ಟ 100ಕ್ಕೆ 85 ಇದ್ದರೆ ಸಾಕು.

ಅಂಚು ಒಡೆಯುವುದು ಆ್ಯಪ್ ಫೈಲನ್ನು ಮತ್ತೆ ಕುಗ್ಗಿಸುವುದರಿಂದ. ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇದ್ದಂತೆಯೇ ತಲುಪುತ್ತದೆ. ಆದರೆ ಎಚ್ಚರ, ಆಗ ಫೋಟೊದಲ್ಲಿರುವ ಜಿಪಿಎಸ್ (ತೆಗೆದ ಸ್ಥಳದ) ಮಾಹಿತಿಯೂ ಜೊತೆಗೇ ಹೋಗುತ್ತದೆ! ಗುರುತು ಸಿಗುವ ಮುಖವಿದ್ದರೆ, ಅದರಲ್ಲೂ ಮಕ್ಕಳದ್ದಾದರೆ, ಎಕ್ಸ್‌ಪೋರ್ಟ್ ಹಂತದಲ್ಲೇ ಸ್ಥಳದ ವಿವರ ಅಳಿಸಲೇಬೇಕು. ಶಟರ್ ವೇಗ, ಅಪರ್ಚರ್ (ಲೆನ್ಸ್ ತೆರೆದ ಪ್ರಮಾಣ), ಐಎಸ್‌ಒ (ಬೆಳಕಿನ ಸಂವೇದನೆ) ವಿವರಗಳನ್ನು ಉಳಿಸಿಕೊಳ್ಳಿ. ಗೆಳೆಯರ ಚರ್ಚೆಗೆ ಬೇಕಾದದ್ದು ಅವೇ.